46 ಲಕ್ಷ ಅಂದ್ರೆ ನೋಡಿದ ಜನ ಅಲ್ಲ
ಟೈಸನ್-ಜೇಕ್ ಪಾಲ್ ಬಾಕ್ಸಿಂಗ್ ಫೈಟ್ ನೋಡಿದ್ದು 10.8 ಕೋಟಿ ಜನ, ಮೇವೆದರ್-ಪ್ಯಾಕಿಯಾವ್ ನೋಡಿದ್ದು ಬರೀ 46 ಲಕ್ಷ, ಅದಕ್ಕೇ ದುಡ್ಡಲ್ಲೂ ಟೈಸನ್ ಫೈಟೇ ನಂಬರ್ ಒನ್ ಅಂತ ಒಂದು ಪೋಸ್ಟರ್ ಓಡಾಡ್ತಿದೆ. ಲೆಕ್ಕ ಪೂರ್ತಿ ಕಲಸುಮೇಲೋಗರ.

46 ಲಕ್ಷ ಅನ್ನೋದು ವೀಕ್ಷಕರ ಸಂಖ್ಯೆ ಅಲ್ಲ ಸ್ವಾಮಿ, 2015ರ ಮೇನಲ್ಲಿ ಅಮೆರಿಕದಲ್ಲಿ ಆ ಮ್ಯಾಚ್‌ಗೆ ಬೇರೆ ದುಡ್ಡು ಕಟ್ಟಿ ಖರೀದಿಸಿದ ಕನೆಕ್ಷನ್‌ಗಳು, ಅದೂ ಎಚ್‌ಡಿಗೆ ಹೆಚ್ಚುಕಮ್ಮಿ 100 ಡಾಲರ್, ಇಷ್ಟು ರೇಟಿದ್ರೆ ಯಾರಾದ್ರೂ ಒಬ್ಬರೇ ಕೂತು ನೋಡ್ತಾರಾ, ಫ್ರೆಂಡ್ಸ್‌ನೆಲ್ಲ ಕರೆದು ದುಡ್ಡು ಹಂಚ್ಕೊಂಡು ನೋಡ್ತಾರೆ. ಹೀಗೆ ಒಂದೇ ಮ್ಯಾಚ್‌ಗೆ ದುಡ್ಡು ಕಟ್ಟಿ ನೋಡೋದಕ್ಕೆ ಪೇ-ಪರ್-ವ್ಯೂ ಅಂತಾರೆ, ಅದೊಂದರಿಂದ್ಲೇ 40 ಕೋಟಿ ಡಾಲರ್‌ಗೂ ಜಾಸ್ತಿ ಬಂತು. ಅಷ್ಟೂ ಬಾಕ್ಸರ್‌ಗಳ ಜೇಬಿಗೆ ಹೋಗಲ್ಲ, ಕೇಬಲ್ ಮತ್ತು ಡಿಶ್ ಕಂಪನಿಗಳು ಮೊದಲು ತಮ್ಮ ಪಾಲು ಹಿಡ್ಕೊಳ್ತವೆ, ಉಳಿದಿದ್ದು ಪ್ರೊಮೋಟರ್ (ಫೈಟ್ ಏರ್ಪಡಿಸೋರು), ಚಾನೆಲ್, ಬಾಕ್ಸರ್ ಮಧ್ಯೆ.

2024ರ ನವೆಂಬರ್‌ನ ಟೈಸನ್ ಫೈಟ್ ನೆಟ್‌ಫ್ಲಿಕ್ಸ್ ಚಂದಾದಾರರಿಗೆ ಎಕ್ಸ್‌ಟ್ರಾ ಚಾರ್ಜ್ ಇಲ್ದೇ ಸಿಕ್ತು. 10.8 ಕೋಟಿ ಅನ್ನೋದು ಇಡೀ ಪ್ರಪಂಚದ ಲೈವ್ ವೀಕ್ಷಕರ ಲೆಕ್ಕ, ಅದೂ ನೆಟ್‌ಫ್ಲಿಕ್ಸೇ ಕೊಟ್ಟಿದ್ದು (ಮಧ್ಯೆ ಬಫರ್ ಆಗಿ ಬೈಕೊಂಡವರೂ ಸೇರಿ!). ನೆಟ್‌ಫ್ಲಿಕ್ಸ್‌ಗೆ ಬೇಕಿದ್ದಿದ್ದು ಹೊಸ ಚಂದಾದಾರರು, ಜಾಹೀರಾತು, ಲೈವ್‌ಗೆ ಒಂದು ಹೆಸರು. ಜನ ಜಾಸ್ತಿ ಅಂತ ಪೇ-ಪರ್-ವ್ಯೂ ಕಲೆಕ್ಷನ್ನೂ ಜಾಸ್ತಿ ಅನ್ನೋಕೆ ಅಲ್ಲಿ ಆ ಕಲೆಕ್ಷನ್ನೇ ಇರ್ಲಿಲ್ಲ.