ಅಮೆರಿಕದ ಪಿಂಚಣಿ ‘ದಿವಾಳಿ’ ಫಾರ್ವರ್ಡ್: ಸತ್ಯಾಂಶ

ಮಕ್ಕಳು ಅಮೆರಿಕದಲ್ಲಿರುವ ಮನೆಗಳು ಜಯನಗರ, ಮಲ್ಲೇಶ್ವರದಲ್ಲಿ ಜಾಸ್ತಿ. ಹಾಗಾಗಿ ಈ ಮೆಸೇಜ್ ಇಲ್ಲಿಯ ಗುಂಪುಗಳಲ್ಲೂ ಸುತ್ತುತ್ತಲೇ ಇರುತ್ತದೆ: ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ಯೋಜನೆ) ಬರಿದಾಗುತ್ತಿದೆ, ಆ ದುಡ್ಡನ್ನು ಮಾರುಕಟ್ಟೆಯಲ್ಲಿ ಹೂಡುವ ಖಾಸಗಿ ಖಾತೆಗೆ ಬಿಟ್ಟರೇನೇ ಉಳಿಗಾಲ.

ಇದು ತಪ್ಪು. ಈ ಪಿಂಚಣಿ ಮುಖ್ಯವಾಗಿ ನಡೆಯುವುದು ಈಗ ದುಡಿಯುವವರ ಸಂಬಳದಿಂದ ಬರುವ ತೆರಿಗೆಯಲ್ಲಿ. ನೌಕರ 6.2%, ಮಾಲೀಕ 6.2%. 2033ಕ್ಕೆ ಮುಗಿಯಬಹುದು ಎನ್ನುವುದು ಮೀಸಲು ನಿಧಿ ಮಾತ್ರ. ಆಮೇಲೂ ಸುಮಾರು 77% ಪಿಂಚಣಿ ಕೊಡುವಷ್ಟು ತೆರಿಗೆ ಬರುತ್ತದೆ ಎಂದು ಈ ನಿಧಿಯನ್ನು ನೋಡಿಕೊಳ್ಳುವ ಟ್ರಸ್ಟಿಗಳ 2025ರ ವರದಿ ಹೇಳುತ್ತದೆ. ಕೊರತೆ ಇರುವುದು ನಿಜ, ಸಣ್ಣದೂ ಅಲ್ಲ. ಆದರೆ ದಿವಾಳಿ ಅಂದರೆ ಬೇರೆ.

ಇನ್ನು ಖಾಸಗಿ ಖಾತೆ. ಈಗಿನ ತೆರಿಗೆಯನ್ನು ಅತ್ತ ತಿರುಗಿಸಿದರೆ ಇವತ್ತಿನ ಹಿರಿಯರಿಗೆ ಕೊಡುವ ದುಡ್ಡೇ ಕಡಿಮೆಯಾಗುತ್ತದೆ, ಅಲ್ವಾ? ಮಾರುಕಟ್ಟೆ ಬಿದ್ದ ವರ್ಷ ನಿವೃತ್ತರಾದವರ ಗತಿ ಏನು ಅಂತ ಮೆಸೇಜ್ ಹೇಳುವುದಿಲ್ಲ. ಫೀಸಿನ ಮಾತಂತೂ ಇಲ್ಲವೇ ಇಲ್ಲ, ಖಾತೆ ನಿರ್ವಹಿಸುವ ಕಂಪನಿಗಳಿಗೆ ಲಾಭ ಬರುವುದು ಅಲ್ಲಿಂದಲೇ ಆದರೂ. 1 ಲಕ್ಷ ರೂಪಾಯಿ 8%ರಂತೆ 30 ವರ್ಷಕ್ಕೆ ಸುಮಾರು 10 ಲಕ್ಷ. ವರ್ಷಕ್ಕೆ 1% ಫೀಸು ಹೋಗಿ 7% ಉಳಿದರೆ 7.6 ಲಕ್ಷ. ಮೊಬೈಲಲ್ಲೇ ಲೆಕ್ಕ ಹಾಕಿ ನೋಡಿ.

ಇಂಥ ಮೆಸೇಜ್ ಬಂದಾಗ ‘ಖಾಲಿ’ ಅನ್ನುವುದು ಮೀಸಲಿಗೋ ಆದಾಯಕ್ಕೋ ಅಂತ ಮೊದಲು ಕೇಳಿ. ಟ್ರಸ್ಟಿಗಳ ವರದಿ ಪ್ರತಿ ವರ್ಷ ಬರುತ್ತದೆ, ಸಾರಾಂಶ ಓದಿದರೆ ಸಾಕು. ಕೊನೆಯಲ್ಲಿ ಯಾವುದಾದರೂ ಪ್ಲಾನ್‌ನ ಲಿಂಕ್ ಇದೆಯಾ ನೋಡಿ. ಕಳಿಸಿದವರು ಬಹುತೇಕ ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರುತ್ತಾರೆ, ಸುಮ್ನೆ ಜಗಳ ಬೇಡ, ಆ ವರದಿಯನ್ನೇ ಅವರಿಗೂ ಕಳಿಸಿ.