ಕಾನ್ಫಿಗ್ ಫೈಲ್‌ಗೆ ನಾನು ಯಾಕೆ ಎಕ್ಸ್‌ಎಂಎಲ್ ಅಂದೆ

ಹೊಸ ಪ್ರಾಜೆಕ್ಟ್‌ನ ಕಾನ್ಫಿಗ್ ಫೈಲ್, ಅಂದರೆ ಪ್ರೋಗ್ರಾಂನ ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲ್, ಯಾವ ರೂಪದಲ್ಲಿರಲಿ ಅಂತ ಈ ವಾರ ಟೀಮ್‌ನಲ್ಲಿ ಮಾತು ಬಂತು. ನಾನು ಎಕ್ಸ್‌ಎಂಎಲ್ ಅಂದೆ, ಪ್ರತಿ ಮೌಲ್ಯದ ಹಿಂದೆ ಮುಂದೆ ಅದರ ಹೆಸರಿನ ಟ್ಯಾಗ್ ಹಾಕಿ ಬರೆಯುವ ರೂಪ. "ಅಯ್ಯೋ, ಇನ್ನೂ ಆ ಟ್ಯಾಗ್‌ಗಳಾ?" ಅಂದರು. ಟ್ಯಾಗ್ ಇಲ್ಲದೆ, ಸಾಲಿನ ಶುರುವಿನಲ್ಲಿ ಬಿಡುವ ಸ್ಪೇಸ್‌ಗಳಿಂದಲೇ ಯಾವುದರೊಳಗೆ ಯಾವುದು ಅಂತ ತೋರಿಸುವ ಯಾಮಲ್ ಸಾಕು ಅನ್ನುವುದು ಎಲ್ಲರ ಅಭಿಪ್ರಾಯ.

ಹಿಂದೆ ಒಂದು ಕಡೆ ಪ್ರೋಗ್ರಾಂ ಕಟ್ಟುವ ಸೂಚನೆಗಳಿದ್ದ ನಮ್ಮ ಬಿಲ್ಡ್ ಫೈಲ್ ಯಾಮಲ್‌ನಲ್ಲೇ ಇತ್ತು. ಪೈಥಾನ್ ಭಾಷೆಯ ಆವೃತ್ತಿ 3.9 ಅಂತ ಇದ್ದದ್ದನ್ನು 3.10 ಮಾಡಿದೆ, ಕೋಟ್ ಹಾಕಲಿಲ್ಲ. ಯಾಮಲ್ ಅದನ್ನು ದಶಾಂಶ ಸಂಖ್ಯೆ ಅಂದುಕೊಂಡು ಕೊನೆಯ ಸೊನ್ನೆ ಬಿಟ್ಟು 3.1 ಅಂತ ಓದಿತು. ಫೈಲ್ ತೆರೆದು ನೋಡಿದರೆ 3.10 ಅಂತಲೇ ಕಾಣುತ್ತದೆ, ಓಡಿಸಿದರೆ ಬೇರೆ ಏನೋ ಆಗುತ್ತದೆ, ಅರ್ಧ ದಿನ ಹೋಯಿತು.

ಇದೊಂದೇ ಅಲ್ಲ. ನಾರ್ವೆ ದೇಶದ ಕೋಡ್ ಎನ್‌ಓ (NO). ಯಾಮಲ್‌ನ 1.1 ಆವೃತ್ತಿಯಲ್ಲಿ ಅದು ದೇಶವೇ ಅಲ್ಲ, 'ಇಲ್ಲ' ಅಂತ ಅರ್ಥ. 2009ರಲ್ಲಿ ಬಂದ 1.2 ಇದನ್ನು ಸರಿಮಾಡಿತು. ಆದರೆ ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಥರದ ಲೈಬ್ರರಿಗಳು ಇವತ್ತಿಗೂ 1.1ರ ನಿಯಮದಲ್ಲೇ ಓದುತ್ತವೆ. ನಮ್ಮ ಮೈಸೂರಿನ ಎಸ್‌ಟಿಡಿ ಕೋಡ್ 0821 ತಗೊಳ್ಳಿ. 1.1ರ ಪ್ರಕಾರ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಆಕ್ಟಲ್, ಅಂದರೆ 0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ ಪದ್ಧತಿ; 8 ಅನ್ನುವ ಅಂಕಿ ಅದರಲ್ಲಿ ಇಲ್ಲ, ಹಾಗಾಗಿ ಅದು ಪಠ್ಯವಾಗಿಯೇ ಉಳಿಯುತ್ತದೆ. 1.2ರಲ್ಲಿ ಸಂಖ್ಯೆಯಾಗುತ್ತದೆ, ಮೊದಲ ಸೊನ್ನೆ ಹೋಗಿ 821. ಒಂದೇ ಸಾಲು, ಎರಡು ಉತ್ತರ. ಎರರ್ ಮಾತ್ರ ಎಲ್ಲೂ ಬರುವುದಿಲ್ಲ, ನನಗೆ ಹೆದರಿಕೆ ಇರುವುದು ಇದಕ್ಕೇ.

ಎಕ್ಸ್‌ಎಂಎಲ್ ಹಾಗೆ ಊಹೆ ಮಾಡುವುದಿಲ್ಲ. ಬರೆದದ್ದೆಲ್ಲ ಪಠ್ಯ. ಯಾವುದು ಸಂಖ್ಯೆ, ಯಾವುದು ಹೌದು-ಇಲ್ಲ ಅಂತ ಸ್ಕೀಮಾದಲ್ಲಿ, ಅಂದರೆ ಫೈಲ್‌ನಲ್ಲಿ ಏನೇನು ಹೇಗಿರಬೇಕು ಅನ್ನುವ ನಿಯಮಗಳಲ್ಲಿ, ನಾವೇ ಹೇಳಬೇಕು. ಒಂದು ಟ್ಯಾಗ್ ಮುಚ್ಚದಿದ್ದರೆ ಫೈಲ್ ಓದುವ ಪಾರ್ಸರ್ ಅಲ್ಲೇ ನಿಲ್ಲುತ್ತದೆ. ಪೋರ್ಟ್ ನಂಬರ್ ಜಾಗದಲ್ಲಿ ಅಕ್ಷರ ಬಂದರೆ, ಪ್ರೋಗ್ರಾಂ ಶುರುವಾಗುವ ಮುಂಚೆಯೇ ಸ್ಕೀಮಾ ಹಿಡಿಯುತ್ತದೆ. ಕಾಮೆಂಟ್ ಕೂಡ ಬರೆಯಬಹುದು. ಜೇಸನ್ ಅನ್ನುವ ಇನ್ನೊಂದು ರೂಪದಲ್ಲಿ ಅದಿಲ್ಲ. ಟೈಮ್‌ಔಟ್ 30 ಸೆಕೆಂಡ್ ಯಾಕೆ ಇಟ್ಟೆವು ಅಂತ ಮುಂದೆ ಬರುವವರಿಗೆ ಫೈಲ್‌ನಲ್ಲೇ ಹೇಳಬೇಕಲ್ವಾ?

ಕಷ್ಟ ಇದೆ, ಒಪ್ಪುತ್ತೇನೆ. ಟೈಪ್ ಮಾಡುವುದು ಜಾಸ್ತಿ. ಯುಆರ್‌ಎಲ್‌ನಲ್ಲಿರುವ ಆಂಪರ್ಸ್ಯಾಂಡ್ (&) ಚಿಹ್ನೆಯನ್ನು ಹಾಗೇ ಅಂಟಿಸಿದರೆ ಫೈಲ್ ಓದುವುದೇ ಇಲ್ಲ. ಹೊರಗಿನ ಎಂಟಿಟಿಗಳನ್ನು, ಅಂದರೆ ಬೇರೆ ಫೈಲ್‌ನಿಂದ ವಿಷಯ ಎಳೆದು ತರುವ ಸೌಲಭ್ಯವನ್ನು, ಪಾರ್ಸರ್‌ನಲ್ಲಿ ಮರೆಯದೆ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಸೆಕ್ಯುರಿಟಿ ತೂತು. ಹತ್ತೇ ಸೆಟ್ಟಿಂಗ್ ಇರುವ ಸಣ್ಣ ಟೂಲ್ ಆದರೆ ನಾನೂ ಟಾಮಲ್ ಅನ್ನುವ ಸರಳ ರೂಪ ಸಾಕು ಅನ್ನುತ್ತಿದ್ದೆ. ಪೈಥಾನ್ 3.11ರಿಂದ ಅದನ್ನು ಓದುವ ಮಾಡ್ಯೂಲ್ ಭಾಷೆಯ ಜೊತೆಗೇ ಬರುತ್ತದೆ.

ಆದರೆ ನಮ್ಮ ಫೈಲ್ ಸೆಟ್ಟಿಂಗ್‌ನೊಳಗೆ ಸೆಟ್ಟಿಂಗ್ ಅಂತ ನಾಲ್ಕು ಹಂತ ಒಳಗೆ ಹೋಗುತ್ತದೆ. ತಿದ್ದುವವರು ಪ್ರೋಗ್ರಾಮರ್‌ಗಳಲ್ಲ, ಗ್ರಾಹಕರ ಜಾಗದಲ್ಲಿ ನೋಟ್‌ಪ್ಯಾಡ್ ತೆರೆದು ಕೂರುವ ಸಪೋರ್ಟ್‌ನವರು. ಒಂದು ಸ್ಪೇಸ್ ಹೆಚ್ಚುಕಡಿಮೆ ಆದರೆ ಅರ್ಥವೇ ಬದಲಾಗುವ ಫೈಲನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಸೋಮವಾರ ಮತ್ತೆ ಕೂರುತ್ತೇವೆ. ಅಷ್ಟರಲ್ಲಿ ಸ್ಕೀಮಾ ಬರೆದು ತರುತ್ತೇನೆ ಅಂತ ಹೇಳಿದ್ದೇನೆ.