ಜಾಕ್ಸನ್ ಲ್ಯಾಂಬ್‌ನಂಥ ಬಾಸನ್ನು ಮೆಚ್ಚಬಹುದಾ?

ಪರ: ಬೈಯುತ್ತಾನೆ, ಆದರೆ ಕೈಬಿಡುವುದಿಲ್ಲ

ಲಂಡನ್ನಿನ ಬಾರ್ಬಿಕನ್ ಸ್ಟೇಷನ್ ಹತ್ತಿರ, ಆಲ್ಡರ್ಸ್‌ಗೇಟ್ ಸ್ಟ್ರೀಟಿನಲ್ಲಿ ಒಂದು ಹಳೇ ಕಟ್ಟಡ. ಮುಂಬಾಗಿಲು ತೆರೆಯುವುದೇ ಇಲ್ಲ, ಹಿಂದಿನಿಂದ ಹೋಗಬೇಕು. ಇದೇ ಬ್ರಿಟಿಷ್ ಲೇಖಕ ಮಿಕ್ ಹೆರಾನ್ ಅವರ ಗೂಢಚಾರಿ ಕಾದಂಬರಿಗಳ ಸ್ಲೌ ಹೌಸ್. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ರಲ್ಲಿ ಎಡವಟ್ಟು ಮಾಡಿಕೊಂಡವರನ್ನೆಲ್ಲ ಎತ್ತಂಗಡಿ ಮಾಡಿ ಇಲ್ಲಿ ತಂದು ಹಾಕುತ್ತಾರೆ. ಮಿನ್ ಹಾರ್ಪರ್ ರಹಸ್ಯ ಡಿಸ್ಕನ್ನು ರೈಲಿನಲ್ಲಿ ಮರೆತು ಬಂದವನು. ರಿವರ್ ಕಾರ್ಟ್‌ರೈಟ್ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ ತರಬೇತಿಯಲ್ಲಿ ತಪ್ಪು ಮನುಷ್ಯನನ್ನು ಹಿಡಿದವನು. ಹಿಡಿಯಬೇಕಾದವನು ತೊಟ್ಟಿದ್ದು ಬಿಳಿ ಟೀ ಶರ್ಟ್ ಮೇಲೆ ನೀಲಿ ಶರ್ಟೋ, ನೀಲಿ ಟೀ ಶರ್ಟ್ ಮೇಲೆ ಬಿಳಿ ಶರ್ಟೋ, ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ಹುಡುಗನ ನೌಕರಿ ಹಳ್ಳ ಹಿಡಿಯಿತು.

ಇವರೆಲ್ಲರ ಮೇಲೆ ಜಾಕ್ಸನ್ ಲ್ಯಾಂಬ್. ತೂತು ಬಿದ್ದ ಸಾಕ್ಸು, ಮೇಜಿನ ಮೇಲೆ ಕಾಲು, ಬಾಯಿ ತೆಗೆದರೆ ಬೈಗುಳ. ಆದರೂ ನನಗೆ ಅವನ ಮೇಲೆ ಗೌರವ. ಮೊದಲ ಪುಸ್ತಕ ‘ಸ್ಲೋ ಹಾರ್ಸಸ್’ನಲ್ಲಿ ಮೇಲಿನವರ ಒಂದು ಯೋಜನೆ ಕೆಡುತ್ತದೆ. ಎಂಐ5ರ ಹಿರಿಯ ಅಧಿಕಾರಿ ಡಯಾನಾ ಟಾವೆರ್ನರ್ ತಪ್ಪನ್ನೆಲ್ಲ ಸ್ಲೌ ಹೌಸಿನವರ ತಲೆಗೆ ಕಟ್ಟಲು ಹೊರಡುತ್ತಾಳೆ. ಲ್ಯಾಂಬ್ ಒಪ್ಪುವುದಿಲ್ಲ. ಮೂರನೆಯದರಲ್ಲಿ ಸ್ಲೌ ಹೌಸಿನ ಕ್ಯಾಥರೀನ್ ಸ್ಟ್ಯಾಂಡಿಶ್‌ಳನ್ನು ಯಾರೋ ಹೊತ್ತೊಯ್ದರೆ ಎದ್ದು ಹೊರಡುವುದು ಇದೇ ಲ್ಯಾಂಬ್. ನಯವಾಗಿ ಮಾತಾಡಿ ಕಷ್ಟ ಬಂದಾಗ ಫೋನ್ ಎತ್ತದ ಮೇಲಧಿಕಾರಿಗಳು ಎಲ್ಲ ಕಡೆ ಸಿಗುತ್ತಾರೆ. ಎದುರಿಗೆ ಬೈದು, ಬೆನ್ನಿಗೆ ನಿಲ್ಲುವವರು ಸಿಗುವುದು ಅಪರೂಪ, ಅಲ್ವಾ?

ಮೂಲೆಗೆ ಬಿದ್ದವರ ಪಾಡು ಹೆರಾನ್‌ಗೆ ಗೊತ್ತಿತ್ತು. 2010ರಲ್ಲಿ ಮೊದಲ ಪುಸ್ತಕ ಬಂದಾಗ ಹೆಚ್ಚು ಜನ ಕಣ್ಣೆತ್ತಿ ನೋಡಲಿಲ್ಲ. ಎರಡನೆಯದು, ‘ಡೆಡ್ ಲಯನ್ಸ್’, ಅವರ ಬ್ರಿಟಿಷ್ ಪ್ರಕಾಶಕರಿಗೆ ಬೇಡವಾಯಿತು. ಅಮೆರಿಕದವರು ಅಚ್ಚು ಹಾಕಿದರು. ಅದೇ ಪುಸ್ತಕಕ್ಕೆ 2013ರಲ್ಲಿ ಅಪರಾಧ ಕಾದಂಬರಿಗಳಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಬಂತು. ಸೋತವರ ಪರವಾಗಿ ಒಬ್ಬನಾದರೂ ನಿಲ್ಲಲಿ ಎಂಬ ಆಸೆ ಈ ಪುಸ್ತಕಗಳ ಉದ್ದಕ್ಕೂ ಇದೆ. ಆ ಒಬ್ಬನೇ ಲ್ಯಾಂಬ್.

ವಿರೋಧ: ಆ ಗ್ಲಾಸನ್ನು ನೋಡಿ

ಹೆರಾನ್ ಎಷ್ಟೋ ವರ್ಷ ಲಂಡನ್ನಿನಲ್ಲಿ ಉದ್ಯೋಗ ಕಾನೂನಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕರಾಗಿದ್ದರು. ಕೆಲಸ ಮುಗಿಸಿ ಆಕ್ಸ್‌ಫರ್ಡಿನ ಮನೆಗೆ ಬಂದು ರಾತ್ರಿ ಸ್ವಲ್ಪಸ್ವಲ್ಪ ಬರೆಯುತ್ತಿದ್ದರು. ಸ್ಲೌ ಹೌಸ್ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ನೌಕರರನ್ನು ಕೆಲಸದಿಂದ ತೆಗೆದರೆ ಕೇಸು, ಗಲಾಟೆ. ಸುಮ್ನೆ ಕೂರಿಸಿ, ಕೊನೆಯಿಲ್ಲದ ಪಟ್ಟಿಗಳನ್ನು ಕೊಟ್ಟು ಬೇಸರ ಬರಿಸಿದರೆ ತಾವಾಗಿಯೇ ರಾಜೀನಾಮೆ ಬರೆದುಕೊಡುತ್ತಾರೆ. ಆ ಕಟ್ಟಡ ಇರುವುದೇ ಅದಕ್ಕೆ. ಹಾಗಾದರೆ ಲ್ಯಾಂಬ್‌ನ ಬೈಗುಳ ಯಾರ ಕೆಲಸ ಮಾಡುತ್ತದೆ? ಮೇಲಿನವರದ್ದೇ. ಅವರು ಬಯಸಿದ ಅವಮಾನವನ್ನು ಅವನು ದಿನಾ ಬೆಳಿಗ್ಗೆ ಹಂಚುತ್ತಾನೆ.

ಇದನ್ನು ನಾನು ಪುಸ್ತಕದಲ್ಲಷ್ಟೇ ನೋಡಿದ್ದಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ ನಾಲ್ಕು ತಿಂಗಳು ಬೆಂಚಿನಲ್ಲಿದ್ದೆ. ಪ್ರಾಜೆಕ್ಟ್ ಇಲ್ಲ, ಆದರೆ ಒಂಬತ್ತಕ್ಕೆ ಕಾರ್ಡ್ ಉಜ್ಜಲೇಬೇಕು. ನಮ್ಮ ಮ್ಯಾನೇಜರ್ ಎಲ್ಲರೆದುರು "ಇವತ್ತೂ ಬಂದ್ರಾ?" ಅನ್ನುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ. ಕೊನೆಗೆ ನನಗೊಂದು ಪ್ರಾಜೆಕ್ಟ್ ಕೊಡಿಸಿದವರೂ ಅವರೇ. ಆ ಉಪಕಾರ ಮರೆತಿಲ್ಲ. ಆ ಬೆಳಿಗ್ಗೆಗಳನ್ನೂ ಮರೆತಿಲ್ಲ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಿಕೊಳ್ಳಲು ನನ್ನಿಂದ ಆಗಿಲ್ಲ.

ಲ್ಯಾಂಬ್ ಇಷ್ಟೊಂದು ಹಿಡಿಸುವುದಕ್ಕೆ ಕಾರಣ ಇದೆ. ಒಳ್ಳೊಳ್ಳೆ ಮಾತುಗಳೆಲ್ಲ ಅವನ ಬಾಯಲ್ಲೇ ಇವೆ. 2022ರಿಂದ ಆಪಲ್ ಟಿವಿಯ ಸರಣಿಯಲ್ಲಿ ಗ್ಯಾರಿ ಓಲ್ಡ್‌ಮನ್ ಆ ಪಾತ್ರ ಮಾಡಿದ ಮೇಲಂತೂ ಅವನನ್ನು ಬೇಡ ಅನ್ನುವುದು ಇನ್ನೂ ಕಷ್ಟ. ಬೆನ್ನಿಗೆ ನಿಲ್ಲುತ್ತಾನೆ ಎಂಬ ಮಾತೂ ಪೂರ್ತಿ ನಿಜವಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಅವನ ಕೈಕೆಳಗಿನವರು ಸಾಯುತ್ತಲೇ ಇರುತ್ತಾರೆ.

ನನಗೆ ಮತ್ತೆ ಮತ್ತೆ ನೆನಪಾಗುವುದು ಕ್ಯಾಥರೀನ್. ಕುಡಿತಕ್ಕೆ ಬಿದ್ದು, ಎದ್ದು ಬಂದವಳು. ಸ್ಲೌ ಹೌಸಿನ ಫೈಲುಗಳು ಜಾಗದಲ್ಲಿರುವುದು, ಯಾರು ಬಂದರು ಯಾರು ಬರಲಿಲ್ಲ ಎಂದು ವಿಚಾರಿಸುವುದು ಅವಳಿಂದ. ಲ್ಯಾಂಬ್ ಅವಳೆದುರೇ ವಿಸ್ಕಿ ಕುಡಿಯುತ್ತಾನೆ. ಗೊತ್ತಿದ್ದೂ ಅವಳ ಮುಂದೆಯೂ ಒಂದು ಗ್ಲಾಸ್ ಸುರಿದು ಇಡುತ್ತಾನೆ. ಅವಳು ಅದನ್ನು ಮುಟ್ಟದೆ, ಆ ದಿನ ಹೇಳಬೇಕಾದ್ದನ್ನು ಹೇಳಿ ಮುಗಿಸಿ, ತನ್ನ ಕೋಣೆಗೆ ಹೋಗುತ್ತಾಳೆ.